ಎಡಪಕ್ಕೆಯ ಹಳೆಯ ಗಾಯ, ಎದೆಯಲ್ಲಿ ಗುಡುಗುಡು: ಹರಿದ ಡಯಾಫ್ರಮ್ ಹಿಡಿಯುವುದು, ಹೊಲಿಯುವುದು

ರಾತ್ರಿ ಎರಡೂವರೆಗೆ ಕಾರಟಗಿ ಕಡೆಯಿಂದ ಬಂದ ರೋಗಿಯ ರೆಫರ್ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಎಡಗಡೆ ಹೈಡ್ರೋನ್ಯೂಮೋಥೊರಾಕ್ಸ್, ಐಸಿಡಿ ಹಾಕಲು ಕಳಿಸಿದೆ. ಅಂದರೆ ಶ್ವಾಸಕೋಶದ ಸುತ್ತ ನೀರು, ಗಾಳಿ ತುಂಬಿದೆ, ಪಕ್ಕೆಲುಬಿನ ಸಂದಿಯಿಂದ ಟ್ಯೂಬ್ ಹಾಕಿ ಹೊರತೆಗೆಯಬೇಕು. ಜೊತೆಗಿದ್ದ ಎಕ್ಸ್‌ರೇ ನೋಡಿದರೆ ಹಾಗೇ ಕಾಣುತ್ತಿತ್ತು. ಎಡ ಎದೆಯ ಕೆಳಗಿನ ಅರ್ಧದಲ್ಲಿ ನೀರಿನ ಮಟ್ಟ, ಅದರ ಮೇಲೆ ಗಾಳಿ, ಹೃದಯ ಬಲಕ್ಕೆ ಸರಿದಿದೆ. ನಮ್ಮ ಹೌಸ್ ಸರ್ಜನ್ ಚುರುಕಿನ ಹುಡುಗ. ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಟ್ರೇ ಬಿಚ್ಚಿ, ಬೆಟಾಡಿನ್ ಬಳಿದು, ಲೋಕಲ್ ಅರಿವಳಿಕೆ ಕೊಟ್ಟು ಬ್ಲೇಡ್ ಕೈಯಲ್ಲಿ ಹಿಡಿದು ನಿಂತಿದ್ದ.

ಬೆಟಾಡಿನ್ ಬಣ್ಣದ ಅಡಿಯಲ್ಲಿ, ಏಳನೇ ಪಕ್ಕೆಲುಬಿನ ಮೇಲೆ, ಎರಡು ಬೆರಳಗಲದ ಹಳೆಯ ಗಾಯದ ಕಲೆ ಇತ್ತು. ಇದೇನು ಎಂದು ಕೇಳಿದೆ.

‘ಹ್ವಾದ ವರ್ಷ ಕಾರಹುಣ್ಣಿಮಿಗೆ ಎತ್ತು ಹಾಯ್ದಿತ್ರಿ ಸರ್ರ. ಐದು ಹೊಲಿಗಿ ಹಾಕಿ ಅವತ್ತೇ ಮನಿಗೆ ಕಳಿಸಿದ್ರು.’

ಹೆಂಡತಿ ಪಕ್ಕದಿಂದ ಸೇರಿಸಿದಳು: ‘ಆವಾಗಿಂದ ಉಂಡ ಮ್ಯಾಲ ಎದಿಯಾಗ ಗುಡುಗುಡು ಅಂತೈತಿ ಅಂತಾರ್ರಿ. ಗ್ಯಾಸಿನ ಗುಳಿಗಿ ತಂದು ತಂದು ಸಾಕಾತು.’

ಎಡ ಎದೆಯ ಮೇಲೆ ಸ್ಟೆತ್ ಇಟ್ಟೆ. ಉಸಿರಿನ ಸದ್ದಿಲ್ಲ, ಕರುಳಿನ ಸದ್ದಿದೆ. ಹೊಟ್ಟೆ ಮುಟ್ಟಿದರೆ, ಎರಡು ದಿನದಿಂದ ವಾಂತಿ ಮಾಡುತ್ತಿರುವವನ ಹೊಟ್ಟೆ ಉಬ್ಬಿರಬೇಕಾದದ್ದು ಒಳಕ್ಕೆ ಕುಸಿದಿದೆ. ಒಳಗಿರಬೇಕಾದ ಸಾಮಾನು ಮೇಲಿನ ಮನೆಗೆ ಹೋಗಿದೆ. ಟ್ರೇ ಮುಚ್ಚಿಸಿದೆ. ಆ ಬ್ಲೇಡು, ಅದರ ಹಿಂದೆ ಟ್ಯೂಬು ಒಳಗೆ ಹೋಗಿದ್ದರೆ ಸೀದಾ ಜಠರಕ್ಕೆ ಹೋಗುತ್ತಿತ್ತು.

ಕೊಪ್ಪಳ, ರಾಯಚೂರು, ಬಳ್ಳಾರಿ, ಈ ನಮ್ಮ ಮೂರು ಜಿಲ್ಲೆಗಳ ತಾಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ವೈದ್ಯರಿಗೆ, ಕ್ಯಾಶುವಾಲ್ಟಿಯ ಹೌಸ್ ಸರ್ಜನ್‌ಗಳಿಗೆ, ಸರ್ಜರಿ ಪಿಜಿಗಳಿಗೆ ಇದನ್ನು ಬರೆಯುತ್ತಿದ್ದೇನೆ. ಆ ಎತ್ತಿನ ಕೊಂಬು ಹರಿದದ್ದು ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರಾಡಿಸುವ ಸ್ನಾಯುವಿನ ಪರದೆಯನ್ನು. ಪಠ್ಯಪುಸ್ತಕ ಇದನ್ನು ವಪೆ ಎನ್ನುತ್ತದೆ. ವಾರ್ಡಿನಲ್ಲಿ ಯಾರೂ ಹಾಗೆ ಅಂದದ್ದು ನಾನು ಕೇಳಿಲ್ಲ, ಹಾಗಾಗಿ ಡಯಾಫ್ರಮ್ ಎಂದೇ ಬರೆಯುತ್ತೇನೆ.

ಈ ದೋಷ ಏಕೆ ಅಡಗುತ್ತದೆ

ಎದೆ ಹೊಟ್ಟೆಗೆ ಪೆಟ್ಟು ಬಿದ್ದವರಲ್ಲಿ ಡಯಾಫ್ರಮ್ ಹರಿಯುವುದು ನೂರಕ್ಕೆ ಒಂದರಿಂದ ಐದು ಜನರಿಗೆ ಮಾತ್ರ. ಹರಿದದ್ದೇ ತನಗೆ ತಾನೇ ಆ ರಾತ್ರಿ ಕೊಲ್ಲುವುದು ಅಪರೂಪ. ಅದರ ಜೊತೆಗೆ ಒಡೆದ ಗುಲ್ಮ (ಸ್ಪ್ಲೀನ್), ಸೀಳಿದ ಲಿವರ್, ಮುರಿದ ಸೊಂಟದ ಮೂಳೆ, ಮುರಿದ ಪಕ್ಕೆಲುಬು ಕೊಲ್ಲುತ್ತವೆ. ಎಲ್ಲರ ಕಣ್ಣೂ ಅವುಗಳ ಮೇಲೇ ಇರುತ್ತದೆ, ಇರಲೂ ಬೇಕು. ಡಯಾಫ್ರಮ್‌ನ ಸೀಳಿಗೆ ತನ್ನದೇ ಆದ ಲಕ್ಷಣವೇ ಇಲ್ಲ. ಕರುಳೋ ಜಠರವೋ ಅದರೊಳಗೆ ತೂರಿದಾಗಲೇ ಅದು ಬಾಯಿ ಬಿಡುವುದು.

ಸಣ್ಣ ತೂತು, ತಾನೇ ಕೂಡಿಕೊಳ್ಳುತ್ತದೆ ಎಂದುಕೊಂಡು ಬಿಡುವಂತಿಲ್ಲ. ಆರಾಮಾಗಿ ಉಸಿರಾಡುವಾಗಲೇ ಎದೆಗೂ ಹೊಟ್ಟೆಗೂ ನಡುವೆ 7ರಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡದ ಅಂತರ ಇರುತ್ತದೆ. ಜೋರಾಗಿ ಉಸಿರೆಳೆದರೆ ಅದು 100 ದಾಟುತ್ತದೆ. ಭತ್ತದ ಮೂಟೆ ಎತ್ತುವವನಿಗೆ, ಬೀಡಿ ಕೆಮ್ಮಿನವನಿಗೆ ದಿನಕ್ಕೆ ಎಷ್ಟು ಸಲ ಹೀಗಾಗುತ್ತದೆ ಲೆಕ್ಕ ಹಾಕಿ. ಹೊಟ್ಟೆಯೊಳಗಿನದನ್ನು ಮೇಲಕ್ಕೆ ಹೀರುವ ಪಂಪು ಹಗಲೂ ರಾತ್ರಿ ನಡೆಯುತ್ತಿರುವಾಗ, ಒಂದು ಕ್ಷಣವೂ ನಿಲ್ಲದ ಸ್ನಾಯುವಿನಲ್ಲಿ ಅಂಚಿಗೆ ಅಂಚು ಕೂಡುವುದು ಕಷ್ಟ. ಮೊದಲು ಕರುಳಿನ ಮುಂದೆ ಹಾಸಿಕೊಂಡಿರುವ ಒಮೆಂಟಮ್ ಎಂಬ ಕೊಬ್ಬಿನ ಪದರ ತೂರುತ್ತದೆ, ತೂತು ಹಿಗ್ಗುತ್ತದೆ, ಹಿಂದೆಯೇ ಜಠರ, ದೊಡ್ಡ ಕರುಳು.

ಇದು ಹೊಸ ಸಂಗತಿಯೂ ಅಲ್ಲ. ಫ್ರಾನ್ಸಿನ ಸರ್ಜನ್ ಆಂಬ್ರೋಸ್ ಪಾರೆ 1579ರಲ್ಲೇ ಬರೆದಿಟ್ಟಿದ್ದಾನೆ: ಗುಂಡು ತಗುಲಿ ಬದುಕಿದ ಸೈನ್ಯದ ಕ್ಯಾಪ್ಟನ್ ಒಬ್ಬ ಎಂಟು ತಿಂಗಳ ನಂತರ ಹೊಟ್ಟೆನೋವಿನಿಂದ ಸತ್ತ. ಹೆಣ ಕೊಯ್ದು ನೋಡಿದರೆ ಬೆರಳ ತುದಿ ಹಿಡಿಯುವಷ್ಟು ತೂತಿನಲ್ಲಿ ದೊಡ್ಡ ಕರುಳು ಸಿಕ್ಕಿಕೊಂಡಿತ್ತು. ನಮ್ಮ ಕಾರಟಗಿಯವನಿಗೂ ಪಾರೆಯ ಕ್ಯಾಪ್ಟನ್‌ಗೂ ಇದ್ದ ವ್ಯತ್ಯಾಸ ಎಕ್ಸ್‌ರೇ, ಅರಿವಳಿಕೆ ಮತ್ತು ನಾನೂರು ಚಿಲ್ಲರೆ ವರ್ಷ.

1974ರಲ್ಲಿ ಗ್ರೈಮ್ಸ್ ಎಂಬಾತ ಇದನ್ನು ಮೂರು ಹಂತ ಮಾಡಿದ. ಪೆಟ್ಟು ಬಿದ್ದಾಗಿನದು, ಸುಮ್ಮನೆ ಕೂತಿರುವುದು, ಕರುಳು ಸಿಕ್ಕಿ ಕಟ್ಟಿಕೊಳ್ಳುವುದು. ನಡುವಿನ ಹಂತ ವಾರಗಳೂ ಆಗಬಹುದು, ಇಪ್ಪತ್ತು ವರ್ಷವೂ ಆಗಬಹುದು. ಮೊದಲ ಹಂತದಲ್ಲಿ ಹಿಡಿದರೆ ಅರ್ಧ ಗಂಟೆಯ ಹೊಲಿಗೆ, ಮೂರನೆಯದರಲ್ಲಿ ಹಿಡಿದರೆ ಕೊಳೆತ ಕರುಳು. ಈ ಬರಹದ ಉದ್ದಕ್ಕೂ ನಾನು ಹೇಳುವುದು ಒಂದೇ: ಫಿಲ್ಮ್ ನೋಡುವ ಮುಂಚೆ ಚರ್ಮ ನೋಡಿ.

ಗಾಯ ಎಲ್ಲಿದೆ

ಹೆಚ್ಚಿನ ತಪ್ಪು ಆಗುವುದು ಡಯಾಫ್ರಮ್ ಎಷ್ಟು ಮೇಲಿದೆ ಎಂಬುದು ಮನಸ್ಸಿನಲ್ಲಿ ಇಲ್ಲದ್ದರಿಂದ. ಉಸಿರು ಪೂರ್ತಿ ಬಿಟ್ಟಾಗ ಅದರ ಗುಮ್ಮಟ ಮುಂದುಗಡೆ ಮೊಲೆತೊಟ್ಟಿನ ಮಟ್ಟಕ್ಕೆ, ಅಂದರೆ ನಾಲ್ಕನೇ ಪಕ್ಕೆಲುಬಿನ ಸಂದಿಗೆ ಏರುತ್ತದೆ. ಹಿಂದುಗಡೆ ಹೆಗಲ ಹಲಗೆಯ ಕೆಳತುದಿಯವರೆಗೆ. ಮೇಲೆ ಈ ಗೆರೆ, ಕೆಳಗೆ ಪಕ್ಕೆಲುಬುಗಳ ಅಂಚು. ಇದರ ನಡುವೆ ಚೂಪಾದ ಯಾವುದೇ ವಸ್ತು ಹೊಕ್ಕಿದ್ದರೆ, ಅದು ಚಾಕು ಇರಲಿ, ಕೊಂಬು ಇರಲಿ, ಸ್ಲ್ಯಾಬ್ ಕೆಲಸದಲ್ಲಿ ಬಿದ್ದು ಚುಚ್ಚಿಕೊಂಡ ಕಬ್ಬಿಣದ ಸರಳಿರಲಿ, ಡಯಾಫ್ರಮ್ ತೂತಾಗಿದೆ ಎಂದೇ ಹಿಡಿದು ಮುಂದುವರಿಯಿರಿ. ಆಗಿಲ್ಲ ಎಂದು ತೋರಿಸುವ ಹೊಣೆ ನಿಮ್ಮದು.

ಎತ್ತಿನ ಕೊಂಬಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೊಪ್ಪಳ ರಾಯಚೂರು ಕಡೆ ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವ ದಿನ ಸಂಜೆ ಇದು ಬಂದೇ ಬರುತ್ತದೆ. ಕೊಂಬು ನೇರವಾಗಿ ಹೋಗುವುದಿಲ್ಲ, ಬಾಗಿರುತ್ತದೆ. ಹೊಕ್ಕ ಮೇಲೆ ಎತ್ತು ತಲೆ ಎತ್ತಿ ಕೊಡವುತ್ತದೆ. ಚರ್ಮದ ಮೇಲೆ ಎರಡು ಬೆರಳಿನ ಗಾಯ, ಒಳಗೆ ಮೇಲಕ್ಕೆ ಒಂದು ಗೇಣು ದಾರಿ. ಚರ್ಮದ ಗಾಯ ತೊಳೆದು ಐದು ಹೊಲಿಗೆ ಹಾಕಿ ಟಿಟಿ ಕೊಟ್ಟು ಕಳಿಸುವವರು ಬಾಗಿಲ ಚಿಲಕ ರಿಪೇರಿ ಮಾಡಿ ಹಿತ್ತಲ ಗೋಡೆ ಬಿದ್ದದ್ದನ್ನು ನೋಡದೆ ಹೋದಂತೆ.

ಚುಚ್ಚಿದ ಗಾಯದ ಸೀಳು ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್. ಜಜ್ಜಿದ ಪೆಟ್ಟಿನದು ಹಾಗಲ್ಲ. ಸಂಡೂರು ಕಡೆಯ ಅದಿರಿನ ಟಿಪ್ಪರ್, ಕಾಲುವೆ ಏರಿಯಿಂದ ಉರುಳಿದ ಟ್ರ್ಯಾಕ್ಟರ್, ಹೆದ್ದಾರಿಯಲ್ಲಿ ಪಕ್ಕದಿಂದ ಗುದ್ದಿಸಿಕೊಂಡ ಬೈಕ್: ಇವುಗಳಲ್ಲಿ ಹೊಟ್ಟೆಯ ಒತ್ತಡ ಒಮ್ಮೆಲೇ ಏರಿ, ಇಲ್ಲವೇ ಪಕ್ಕೆಗೂಡು ತಿರುಚಿಕೊಂಡು, ಐದರಿಂದ ಹದಿನೈದು ಸೆಂಟಿಮೀಟರ್ ಉದ್ದಕ್ಕೆ ಹರಿಯುತ್ತದೆ. ಹೆಚ್ಚಾಗಿ ಎಡಗಡೆ, ಹಿಂಬದಿ ಪಕ್ಕಕ್ಕೆ. ಬಲಗಡೆ ಲಿವರ್ ದಿಂಬಿನ ಹಾಗೆ ತಡೆಯುತ್ತದೆ. ಬಲಗಡೆ ಹರಿದಿದ್ದರೆ ಪೆಟ್ಟು ಭಾರಿ ಎಂದೇ ಅರ್ಥ, ಲಿವರ್ ಏನಾಗಿದೆ ಮೊದಲು ನೋಡಿ. ಟ್ರ್ಯಾಕ್ಟರ್ ಅಡಿ ಸಿಕ್ಕವರ ಸಂಗಡಿಗರನ್ನು ಕೇಳಿ: ಎದುರಿನಿಂದ ಒತ್ತಿತೋ, ಪಕ್ಕದಿಂದಲೋ? ಪಕ್ಕದಿಂದ ಎಂದರೆ ಅನುಮಾನ ಹೆಚ್ಚಿಸಿಕೊಳ್ಳಿ.

ಎಕ್ಸ್‌ರೇ ಮುಂದೆ ನಿಂತಾಗ

ಮೊದಲ ಎದೆ ಎಕ್ಸ್‌ರೇ ಅರ್ಧದಷ್ಟು ಜನರಲ್ಲಿ ಏನೂ ಹೇಳುವುದಿಲ್ಲ, ಅಥವಾ ಬೇರೇನೋ ಹೇಳುತ್ತದೆ. ಮಲಗಿಸಿ ತೆಗೆದ ಫಿಲ್ಮ್, ರಕ್ತ ತುಂಬಿದ ಎದೆ, ನೋವಿಗೆ ಉಸಿರೆಳೆಯದ ರೋಗಿ. ಆದರೂ ಅದು ಎಲ್ಲ ತಾಲೂಕಿನಲ್ಲೂ ಸಿಗುವ ಸಾಧನ, ಹಾಗಾಗಿ ಅದರಿಂದ ಹಿಂಡಬಹುದಾದದ್ದನ್ನೆಲ್ಲ ಹಿಂಡಬೇಕು.

ನನ್ನ ಕೈಗೆ ಫಿಲ್ಮ್ ಬಂದರೆ ಮೊದಲು ಎಡ ಡಯಾಫ್ರಮ್‌ನ ಗೆರೆಯ ಮೇಲೆ ಬೆರಳು ಓಡಿಸುತ್ತೇನೆ. ಹೃದಯದ ಪಕ್ಕದಿಂದ ಹೊರಗಿನ ಮೂಲೆಯವರೆಗೆ ಒಂದೇ ಗೆರೆಯಾಗಿ ಸಿಗಬೇಕು. ಎಲ್ಲೋ ಕಳೆದುಹೋದರೆ, ಬಲಗಡೆಗಿಂತ ಮೇಲಿದ್ದರೆ, ಅದರ ಮೇಲೆ ಗುಳ್ಳೆಯಂಥ ಗಾಳಿಯ ನೆರಳು ಇದ್ದರೆ ನಿಲ್ಲಿ. ಹೃದಯ ಆಚೆ ಬದಿಗೆ ಸರಿದಿದೆಯೇ? ಗಾಳಿಯ ನೆರಳಿನ ಕೆಳಭಾಗ ಸೊಂಟ ಕಟ್ಟಿದಂತೆ ಕಿರಿದಾಗಿದೆಯೇ? ಅದು ತೂತಿನಲ್ಲಿ ಜಠರದ ಕುತ್ತಿಗೆ ಹಿಸುಕಿದ ಗುರುತು, ಕಾಲರ್ ಚಿಹ್ನೆ.

ಆಮೇಲೆ ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬ್. ಅಗ್ಗದ ಈ ಕೊಳವೆಯಷ್ಟು ನಂಬಿಕೆಯ ಸಾಕ್ಷಿ ಮತ್ತೊಂದಿಲ್ಲ. ಟ್ಯೂಬ್ ಹಾಕಿ ಇನ್ನೊಂದು ಫಿಲ್ಮ್ ತೆಗೆಸಿ. ಅದು ಹೊಟ್ಟೆಗೆ ಇಳಿದು, ಮತ್ತೆ ಮೇಲಕ್ಕೆ ತಿರುಗಿ, ಎಡ ಎದೆಯಲ್ಲಿ ಸುರುಳಿ ಸುತ್ತಿ ಕೂತಿದ್ದರೆ ರೋಗನಿರ್ಣಯ ಮುಗಿಯಿತು. ರೋಗಿಗೂ ತಕ್ಷಣ ಉಪಕಾರ: ಉಬ್ಬಿದ ಜಠರ ಬರಿದಾಗಿ ಶ್ವಾಸಕೋಶಕ್ಕೆ ಜಾಗ ಸಿಗುತ್ತದೆ. ಜಠರದ ಬಾಯಿ ತಿರುಚಿಕೊಂಡು ಟ್ಯೂಬ್ ಒಳಗೆ ಹೋಗದೇ ಇರಬಹುದು. ತಡೆದರೆ ಬಲವಂತ ಮಾಡಬೇಡಿ, ತಡೆಯಿತೆಂಬುದೂ ಒಂದು ಸುಳಿವೇ.

ಮಲಗಿಸಿ ತೆಗೆದ ಫಿಲ್ಮ್‌ನಲ್ಲಿ ನೀರಿನ ಮಟ್ಟ ಹುಡುಕುತ್ತ ಕೂರಬೇಡಿ, ಅದು ಕಾಣುವುದು ಕೂರಿಸಿ ತೆಗೆದಾಗ. ಬೆನ್ನುಮೂಳೆಗೆ ಪೆಟ್ಟಿಲ್ಲ, ಬಿಪಿ ಸ್ಥಿರವಾಗಿದೆ ಎಂದಾದರೆ ಕೂರಿಸಿ ಇನ್ನೊಂದು ತೆಗೆಸಿ.

ಇವನ್ನು ಹೋಲುವ ಬೇರೆ ತೊಂದರೆಗಳೂ ಇವೆ. ಡಯಾಫ್ರಮ್ ಆಡಿಸುವ ಫ್ರೆನಿಕ್ ನರ ಸೋತು ಅದು ಮೇಲೇರಿರಬಹುದು, ಹುಟ್ಟಿನಿಂದಲೇ ತೆಳುವಾಗಿ ಉಬ್ಬಿರಬಹುದು, ಶ್ವಾಸಕೋಶದ ಕೆಳಹಾಲೆ ಕುಸಿದಿರಬಹುದು. ಪೆಟ್ಟಿನ ಇತಿಹಾಸ, ಹಳೆಯ ಎಕ್ಸ್‌ರೇ, ಕೊನೆಗೆ ಸಿಟಿ: ಇವು ಬಿಡಿಸಿ ಹೇಳುತ್ತವೆ.

ಐಸಿಡಿಗೆ ಮುಂಚೆ ಬೆರಳು

ತೀರಾ ಕಷ್ಟದ ಗಳಿಗೆ ಇದು. ರೋಗಿ ಏದುಸಿರು ಬಿಡುತ್ತಿದ್ದಾನೆ, ಬಿಪಿ ಬೀಳುತ್ತಿದೆ, ಕುತ್ತಿಗೆಯ ರಕ್ತನಾಳ ಉಬ್ಬಿವೆ, ಎಡಗಡೆ ಉಸಿರಿನ ಸದ್ದಿಲ್ಲ, ಶ್ವಾಸನಾಳ ಬಲಕ್ಕೆ ಸರಿದಿದೆ. ಎಂಬಿಬಿಎಸ್ ಮುಗಿಸಿದ ಯಾರೇ ಆದರೂ ಟೆನ್ಶನ್ ನ್ಯೂಮೋಥೊರಾಕ್ಸ್, ಅಂದರೆ ಎದೆಯಲ್ಲಿ ಸಿಕ್ಕ ಗಾಳಿ ಶ್ವಾಸಕೋಶ, ಹೃದಯಗಳನ್ನು ಒತ್ತುತ್ತಿದೆ ಎನ್ನುತ್ತಾರೆ, ಬಹುತೇಕ ಅದೇ ಸರಿಯೂ ಹೌದು. ಅಪರೂಪಕ್ಕೆ ಅದು ಎದೆಗೆ ನುಗ್ಗಿ ಗಾಳಿ ತುಂಬಿ ಉಬ್ಬಿದ ಜಠರ. ಎರಡೂ ಹೊರಗಿನಿಂದ ಒಂದೇ ಥರ.

ಬೇರ್ಪಡಿಸಲು ನಿಮಗಿರುವುದು ಅರ್ಧ ನಿಮಿಷ. ಹೊಟ್ಟೆ ಕುಸಿದಿದೆಯೇ, ಎದೆಯಲ್ಲಿ ಕರುಳಿನ ಸದ್ದಿದೆಯೇ, ನಾನು ಹೇಳಿದ ವಲಯದಲ್ಲಿ ಗಾಯ ಅಥವಾ ಹಳೆಯ ಕಲೆ ಇದೆಯೇ? ಇದ್ದರೆ ಒಬ್ಬರು ರೈಲ್ಸ್ ಟ್ಯೂಬ್ ಹಾಕಲಿ. ಇಲ್ಲದಿದ್ದರೆ, ಅಥವಾ ಗೊತ್ತಾಗದಿದ್ದರೆ, ಎದೆ ತೆರೆಯಲೇಬೇಕು. ಆದರೆ ಟ್ರೋಕಾರ್ ಎಂಬ ಚೂಪು ಸರಳಿನಿಂದ ಕುರುಡಾಗಿ ಚುಚ್ಚಬೇಡಿ. ಐದನೇ ಸಂದಿಯಲ್ಲಿ, ಅದಕ್ಕಿಂತ ಕೆಳಗೆ ಖಂಡಿತ ಬೇಡ, ಚರ್ಮ ಕೊಯ್ದು, ಆರ್ಟರಿ ಫೋರ್ಸೆಪ್ಸ್‌ನಿಂದ ಬಿಡಿಸಿ, ಬೆರಳು ಹಾಕಿ. ಗಾಳಿ ಬುಸ್ಸೆಂದರೆ ನ್ಯೂಮೋಥೊರಾಕ್ಸ್. ಬೆರಳಿಗೆ ಸ್ಪಂಜಿನಂಥ ಶ್ವಾಸಕೋಶ ಉಸಿರಿನೊಂದಿಗೆ ತಾಗಿ ಹೋಗುತ್ತಿದ್ದರೆ ಸರಿ, ಟ್ಯೂಬ್ ಹಾಕಿ. ನುಣುಪಾದ ಬಲೂನಿನಂಥದ್ದೋ, ಬೆಣ್ಣೆಯಂತೆ ಜಾರುವ ಕೊಬ್ಬಿನ ಪದರವೋ ಸಿಕ್ಕರೆ ಅಲ್ಲೇ ನಿಲ್ಲಿಸಿ, ಗಾಯಕ್ಕೆ ಗಾಜ್ ಮುಚ್ಚಿ, ಸರ್ಜನ್‌ನ ಎಬ್ಬಿಸಿ. ಬೈದರೆ ಬೈಯಲಿ.

ಇಂಥ ರೋಗಿಯ ಮುಖಕ್ಕೆ ಮಾಸ್ಕ್ ಹಿಡಿದು ಆಂಬು ಬ್ಯಾಗ್ (ಕೈಯಿಂದ ಉಸಿರು ಕೊಡುವ ಚೀಲ) ಒತ್ತುತ್ತ ಹೋದರೆ ಗಾಳಿ ಜಠರಕ್ಕೂ ಹೋಗಿ ಅದು ಮತ್ತಷ್ಟು ಉಬ್ಬುತ್ತದೆ. ಉಸಿರು ಸೋಲುತ್ತಿದ್ದರೆ ಬೇಗ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಅದರ ಸುತ್ತಲಿನ ಬಲೂನು, ಅಂದರೆ ಕಫ್ ಉಬ್ಬಿಸುವುದೇ ಮೇಲು. 108ರಲ್ಲಿ ಕಳಿಸುವಾಗ ರೈಲ್ಸ್ ಟ್ಯೂಬ್‌ನ ಬಾಯಿ ಮುಚ್ಚಿ ಕಳಿಸಬೇಡಿ, ಚೀಲಕ್ಕೆ ಜೋಡಿಸಿ ಬಿಟ್ಟಿರಿ, ಆಗಾಗ ಸಿರಿಂಜಿನಿಂದ ಎಳೆಯಲು ಹೇಳಿ. ಗಂಗಾವತಿಯಿಂದ ಬಳ್ಳಾರಿಗೆ ಬರುವಷ್ಟರಲ್ಲಿ ಮುಚ್ಚಿದ ಟ್ಯೂಬ್ ಇದ್ದೂ ಇಲ್ಲದಂತೆ.

ವೆಂಟಿಲೇಟರ್ ಸುಳ್ಳು ಹೇಳುತ್ತದೆ

ಸಿಂಧನೂರು ಕಡೆಯಿಂದ ಟ್ರ್ಯಾಕ್ಟರ್ ಟ್ರೇಲರ್ ಅಡಿ ಸಿಕ್ಕ ಹುಡುಗನೊಬ್ಬ ಬಂದಿದ್ದ. ಪಕ್ಕೆಲುಬು ನಾಲ್ಕು, ಸೊಂಟದ ಮೂಳೆ, ತಲೆಗೂ ಪೆಟ್ಟು. ಬಂದ ರಾತ್ರಿಯೇ ವೆಂಟಿಲೇಟರ್. ದಿನವೂ ಎಕ್ಸ್‌ರೇ, ದಿನವೂ ಚೆನ್ನಾಗಿದೆ ಎಂದು ನಾವೇ ಬರೆದೆವು. ಆರನೇ ದಿನ ಶ್ವಾಸನಾಳದ ಟ್ಯೂಬ್ ತೆಗೆದು ನಾಲ್ಕು ತಾಸಿಗೆ ಉಸಿರು ಕಟ್ಟಿತು. ಕಫ ಎಂದರು, ನ್ಯುಮೋನಿಯಾ ಎಂದರು. ಹೊಸ ಫಿಲ್ಮ್‌ನಲ್ಲಿ ಜಠರ ಎಡ ಎದೆಯಲ್ಲಿ ಕೂತಿತ್ತು.

ಯಂತ್ರ ಎದೆಯೊಳಕ್ಕೆ ಗಾಳಿ ಒತ್ತುವಾಗ ನಾನು ಮೇಲೆ ಹೇಳಿದ ಹೀರುವ ಪಂಪು ನಿಂತುಹೋಗುತ್ತದೆ. ಹರಿದಿದ್ದರೂ ಏನೂ ಮೇಲೇರುವುದಿಲ್ಲ. ತಾನೇ ಉಸಿರಾಡಲು ಶುರುಮಾಡಿದ ಕೂಡಲೇ ಪಂಪು ಮತ್ತೆ ಚಾಲೂ. ಹಾಗಾಗಿ ಟ್ಯೂಬ್ ತೆಗೆದ ಮೇಲೆ ಒಂದು ಎಕ್ಸ್‌ರೇ ಕಡ್ಡಾಯ, ಹಿಂದಿನ ಆರು ಚೆನ್ನಾಗಿದ್ದರೂ. ಆ ಹುಡುಗ ಬದುಕಿದ. ಆದರೆ ಮೊದಲ ದಿನದ ಸಿಟಿ ತೆಗೆದು ಮತ್ತೆ ನೋಡಿದಾಗ ಎಡ ಡಯಾಫ್ರಮ್‌ನ ಅಂಚು ಒಳಕ್ಕೆ ಸುರುಳಿಯಾಗಿ ನೇತಾಡುತ್ತಿದ್ದದ್ದು ಕಂಡಿತು. ಗುಲ್ಮ ನೋಡುವ ಗಡಿಬಿಡಿಯಲ್ಲಿ ನಾವ್ಯಾರೂ ನೋಡಿರಲಿಲ್ಲ.

ಸಿಟಿಯಲ್ಲಿ ಏನು ಕೇಳಬೇಕು

ಸಿಟಿ ಎದೆ ಹೊಟ್ಟೆ ಎಂದಷ್ಟೇ ಬರೆದು ಕಳಿಸಿದರೆ ರಿಪೋರ್ಟ್ ಕೂಡ ಅಷ್ಟೇ ಬರುತ್ತದೆ. ಎಡ ಡಯಾಫ್ರಮ್ ಹರಿದಿದೆಯೇ ನೋಡಿ ಎಂದು ಬರೆಯಿರಿ, ಎದುರಿನಿಂದ ನೋಡಿದಂತೆ (ಕೊರೋನಲ್) ಮತ್ತು ಪಕ್ಕದಿಂದ ನೋಡಿದಂತೆ (ಸ್ಯಾಜಿಟಲ್) ಇರುವ ಸೀಳುಚಿತ್ರಗಳನ್ನೂ ಕೇಳಿ. ಅಡ್ಡ ಸೀಳಿನಲ್ಲಿ ಗುಮ್ಮಟದ ತುದಿ ಕೈಗೆ ಸಿಗುವುದಿಲ್ಲ.

ಗೆರೆ ತುಂಡಾಗಿರುವುದು, ಅಂಚು ನೇತಾಡುವುದು, ಕಾಲರ್ ಇವು ನೇರ ಗುರುತುಗಳು. ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು. ಮಲಗಿದ ರೋಗಿಯಲ್ಲಿ ಡಯಾಫ್ರಮ್ ಸರಿಯಿದ್ದರೆ ಅದು ಜಠರವನ್ನು, ಗುಲ್ಮವನ್ನು ತೊಟ್ಟಿಲಿನಂತೆ ಎತ್ತಿ ಹಿಡಿದಿರುತ್ತದೆ, ಹಿಂಬದಿಯ ಪಕ್ಕೆಲುಬಿಗೂ ಅವಕ್ಕೂ ನಡುವೆ ಶ್ವಾಸಕೋಶ ಇರುತ್ತದೆ. ತೊಟ್ಟಿಲು ಹರಿದರೆ ಅವು ಬೆನ್ನ ಕಡೆಗೆ ಬಿದ್ದು ಪಕ್ಕೆಲುಬಿಗೆ ನೇರ ತಾಗಿಕೊಳ್ಳುತ್ತವೆ. ಬಲಗಡೆ ಲಿವರ್‌ನ ಮೇಲಿನ ಮೂರನೇ ಒಂದು ಭಾಗ ಹಾಗೆ ತಾಗಿದರೆ ಅದೇ ಅರ್ಥ. ಸಿಟಿ ನೋಡುವ ಪಿಜಿಗಳು ಇದೊಂದು ಕಲಿತರೂ ಸಾಕು. ಸೋನೋಗ್ರಫಿಯಲ್ಲಿ ಗುಮ್ಮಟ ಉಸಿರಿನೊಂದಿಗೆ ಚಲಿಸದಿದ್ದರೆ ಅನುಮಾನ ಬರಬೇಕು, ಆದರೆ ಚಲಿಸುತ್ತಿದೆ ಎಂದು ನೆಮ್ಮದಿಯಾಗುವಂತಿಲ್ಲ.

ಸಿಟಿಗೂ ಒಂದು ಮಿತಿ ಇದೆ. ಜಜ್ಜಿದ ದೊಡ್ಡ ಸೀಳನ್ನು ಅದು ಬಹುಪಾಲು ಹಿಡಿಯುತ್ತದೆ. ಚಾಕುವಿನ ಒಂದು ಸೆಂಟಿಮೀಟರ್ ತೂತನ್ನು ಬಿಟ್ಟೇಬಿಡಬಹುದು.

ಎಲ್ಲ ಸರಿಯಿದ್ದೂ ಅನುಮಾನ ಹೋಗದಿದ್ದರೆ

ಎಡಪಕ್ಕೆಗೆ ಇರಿತ, ಬಿಪಿ ಸರಿ, ಹೊಟ್ಟೆ ಮೃದು, ಎಕ್ಸ್‌ರೇ ಸರಿ, ಸಿಟಿ ಸರಿ. ರೋಗಿ ಚಹಾ ಕೇಳುತ್ತಿದ್ದಾನೆ, ಮನೆಯವರು ‘ಆರಾಮ ಅದಾನ್ರಿ ಸರ್ರ, ಕಳಿಸ್ರಿ’ ಅನ್ನುತ್ತಿದ್ದಾರೆ. ಹೀಗೆ ಆರಾಮಾಗಿ ಇರುವವರಲ್ಲೇ ಹೊಟ್ಟೆಯ ಸಣ್ಣ ತೂತಿನಿಂದ ಲ್ಯಾಪರೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ನೋಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಡಯಾಫ್ರಮ್ ತೂತಾಗಿದ್ದದ್ದು ಕಂಡಿದೆ. ಅಮೆರಿಕದ ಪೂರ್ವ ಭಾಗದ ಟ್ರಾಮಾ ಸರ್ಜನ್‌ಗಳ ಸಂಘ 2018ರಲ್ಲಿ ಕೊಟ್ಟ ಸಲಹೆಯೂ ಅದೇ: ಎಡಗಡೆಯ ಇಂಥ ಇರಿತಕ್ಕೆ ಸಿಟಿಯ ಮೇಲೆ ಭಾರ ಹಾಕದೆ ಲ್ಯಾಪರೋಸ್ಕೋಪಿ ಮಾಡಿ. ಬಲಗಡೆಯಾದರೆ, ಲಿವರ್ ಅಡ್ಡ ಇರುವುದರಿಂದ, ಆಪರೇಷನ್ ಇಲ್ಲದೆ ಕಾದು ನೋಡಬಹುದು.

ನಾನು ಒಂದು ರಾತ್ರಿ ಇಟ್ಟುಕೊಂಡು, ಕರುಳು ತೂತಾಗಿದ್ದರೆ ಅದು ತೋರಿಕೊಳ್ಳಲು ಸಮಯ ಕೊಟ್ಟು, ಮರುದಿನ ಸ್ಕೋಪ್ ಹಾಕಿ ನೋಡುತ್ತೇನೆ. ಇದರಲ್ಲಿ ಒಂದು ಅಪಾಯ ಇದೆ, ಅರಿವಳಿಕೆಯವರಿಗೆ ಮುಂಚೆಯೇ ಹೇಳಿರಿ. ಹೊಟ್ಟೆಗೆ ತುಂಬುವ ಗ್ಯಾಸ್ ತೂತಿನಿಂದ ಎದೆಗೆ ನುಗ್ಗಿ ಟೆನ್ಶನ್ ಆಗಬಹುದು. ಕಡಿಮೆ ಒತ್ತಡದಲ್ಲಿ ಶುರುಮಾಡಿ, ಎಡ ಎದೆಗೂ ಬೆಟಾಡಿನ್ ಬಳಿದು ಡ್ರೇಪ್ ಮಾಡಿ, ಐಸಿಡಿ ಟ್ರೇ ಮೇಜಿನ ಮೇಲೆ ಬಿಚ್ಚಿಟ್ಟಿರಿ. ಬಿಪಿ ಬಿದ್ದರೆ ಮೊದಲು ಗ್ಯಾಸ್ ಬಿಡಿ, ಆಮೇಲೆ ಮಾತು.

ಸ್ಕೋಪ್ ಇಲ್ಲದ ಊರಿನಲ್ಲಿ ಇರುವವರು ಕಳಿಸಿಕೊಡಿ. ಕಳಿಸಲು ಒಪ್ಪದವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ಈ ಗಾಯ ಡಯಾಫ್ರಮ್ ತಾಗಿರಬಹುದು, ಮುಂದೆ ಎಂದಾದರೂ ವಾಂತಿ, ಎದೆನೋವು, ಉಸಿರು ಕಟ್ಟುವುದು ಬಂದರೆ ಈ ಕಾರ್ಡ್ ತೋರಿಸಿ. ನಮ್ಮ ಕಾರಟಗಿಯವನ ಹತ್ತಿರ ಇಂಥದ್ದೊಂದು ಕಾಗದ ಇದ್ದಿದ್ದರೆ ಹತ್ತು ತಿಂಗಳ ಗ್ಯಾಸಿನ ಗುಳಿಗೆ ಉಳಿಯುತ್ತಿತ್ತು.

ರಿಪೇರಿ

ಹೊಸ ಪೆಟ್ಟಾದರೆ ನಡುಗೆರೆಯಲ್ಲಿ ಹೊಟ್ಟೆ ತೆರೆಯಿರಿ. ಎದೆಯಿಂದ ಹೋಗುವ ಆಸೆ ಬೇಡ: ಜೊತೆಗೆ ಒಡೆದಿರುವ ಗುಲ್ಮ, ಲಿವರ್, ಕರುಳು ಎಲ್ಲ ಕೆಳಗಿವೆ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಅನಿಲ ಬೇಡ, ಸಿಕ್ಕಿಕೊಂಡ ಕರುಳು ಅದರಿಂದ ಉಬ್ಬುತ್ತದೆ.

ರಕ್ತ ನಿಲ್ಲಿಸುವುದು ಮೊದಲು. ಡಯಾಫ್ರಮ್ ಕಾಯುತ್ತದೆ. ಆದರೆ ಮುಚ್ಚುವ ಮುನ್ನ, ಯಾವ ಕಾರಣಕ್ಕೆ ಹೊಟ್ಟೆ ತೆರೆದಿದ್ದರೂ, ಎರಡೂ ಗುಮ್ಮಟಗಳ ಮೇಲೆ ಅಂಗೈ ಆಡಿಸಿ, ಆಮೇಲೆ ಕಣ್ಣಿಂದ ನೋಡಿ. ಗುಲ್ಮವನ್ನು ಮೆಲ್ಲಗೆ ಕೆಳಕ್ಕೆ, ಒಳಕ್ಕೆ ಎಳೆದು ಎಡ ಹಿಂಬದಿಯನ್ನು ಕಾಣಿಸಿಕೊಳ್ಳಿ. ಬಲಗಡೆ ಲಿವರ್‌ನ ಮುಂದಿನ ಕಟ್ಟು ಬಿಡಿಸಿದರೆ ಗುಮ್ಮಟ ಬೆಳಕಿಗೆ ಬರುತ್ತದೆ. ಗುಲ್ಮ ತೆಗೆದು ಸಾಕಪ್ಪಾ ಎಂದು ಮುಚ್ಚಿದ ಹೊಟ್ಟೆಯಲ್ಲಿ ಉಳಿದುಹೋದ ಸೀಳುಗಳೇ ವರ್ಷಾಂತರಕ್ಕೆ ಮರಳಿ ಬರುವುದು.

ಸಿಕ್ಕ ಅಂಗಗಳನ್ನು ಬರಸೆಳೆಯಬೇಡಿ. ತೂತಿನ ಪಕ್ಕದಿಂದ ಒಂದು ರೆಡ್ ರಬ್ಬರ್ ಕ್ಯಾತೆಟರ್ ಎದೆಯೊಳಕ್ಕೆ ತೂರಿಸಿ. ಗಾಳಿ ಒಳಗೆ ಹೋಗಿ ಹೀರಿಕೆ ಬಿಟ್ಟುಕೊಡುತ್ತದೆ, ಅರ್ಧ ಕೆಲಸ ಅದೇ ಮಾಡುತ್ತದೆ. ಆಗಲೂ ಬರದಿದ್ದರೆ ತೂತನ್ನು ಸ್ವಲ್ಪ ಹಿಗ್ಗಿಸಿ, ಆದರೆ ಫ್ರೆನಿಕ್ ನರದ ಕವಲುಗಳು ನಡುವಿನಿಂದ ಅಂಚಿಗೆ ಹರಡಿವೆ ಎಂಬುದು ಕತ್ತರಿ ಹಿಡಿದ ಕೈಗೆ ನೆನಪಿರಲಿ. ನರ ಕತ್ತರಿಸಿ ಹೊಲಿದ ಡಯಾಫ್ರಮ್ ಬರೀ ಪರದೆ.

ಜಠರವೋ ಕರುಳೋ ಒಡೆದು ಎದೆ ಕೊಳಕಾಗಿದ್ದರೆ, ಮುಚ್ಚುವ ಮುಂಚೆ ಅದೇ ತೂತಿನಿಂದ ಬೆಚ್ಚನೆಯ ಸಲೈನ್ ಹಾಕಿ ಹೀರಿ, ನೀರು ತಿಳಿಯಾಗುವವರೆಗೆ. ಇದನ್ನು ಬಿಟ್ಟರೆ ವಾರದೊಳಗೆ ಎದೆಯಲ್ಲಿ ಕೀವು.

ಹೊಲಿಗೆ ಸರಳ. ಅಂಚುಗಳನ್ನು ಆಲಿಸ್ ಚಿಮುಟದಿಂದ ಹಿಡಿದು ಎತ್ತಿದರೆ ಕೈಗೆ ಬರುತ್ತದೆ. ಕರಗದ ದಾರ, ಪ್ರೋಲೀನ್ ಒಂದನೇ ನಂಬರ್ ಅಥವಾ ಸೊನ್ನೆ. ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಪೂರ್ತಿ ದಪ್ಪ ಹಿಡಿಯಿರಿ. ಸಣ್ಣದಕ್ಕೆ ಬಿಡಿ ಹೊಲಿಗೆ ಸಾಕು, ದೊಡ್ಡದಕ್ಕೆ ಮ್ಯಾಟ್ರೆಸ್ ಹಾಕಿ ಮೇಲೊಂದು ಓಟದ ಹೊಲಿಗೆ. ಎಡಗಡೆ ನಡುಭಾಗದಲ್ಲಿ ಸೂಜಿ ಆಡಿಸುವಾಗ ಆಚೆ ಬದಿಯಲ್ಲಿ ಹೃದಯ ಮಿಡಿಯುತ್ತಿದೆ, ಕಣ್ಣಿಗೆ ಕಾಣದೆ ಸೂಜಿ ದಾಟಿಸಬೇಡಿ. ಕೊನೆಯ ಗಂಟಿಗೆ ಮುಂಚೆ ಅರಿವಳಿಕೆಯವರು ಶ್ವಾಸಕೋಶ ಉಬ್ಬಿಸಲಿ. ಆಮೇಲೆ ಹೊಲಿಗೆಯ ಮೇಲೆ ಸಲೈನ್ ಸುರಿದು ಇನ್ನೊಮ್ಮೆ ಉಬ್ಬಿಸಲು ಹೇಳಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೀರಿಗೆ ಅದ್ದುತ್ತಾರಲ್ಲ, ಅದೇ. ಗುಳ್ಳೆ ಬಂದ ಜಾಗಕ್ಕೆ ಇನ್ನೊಂದು ಹೊಲಿಗೆ. ಐಸಿಡಿ ಹಾಕಿಯೇ ಹೊರಬನ್ನಿ, ಈ ಸಲ ನಿಶ್ಚಿಂತೆಯಿಂದ.

ಕೇಸ್ ಶೀಟಿನಲ್ಲಿ ದರ್ಜೆ ಬರೆಯಬೇಕು: ಬರೀ ಜಜ್ಜಿದ್ದರೆ ಒಂದು, 2 ಸೆಂಟಿಮೀಟರ್ ಒಳಗಿನ ಸೀಳು ಎರಡು, 2ರಿಂದ 10 ಮೂರು, 10ಕ್ಕಿಂತ ಹೆಚ್ಚಾದರೆ ನಾಲ್ಕು, 25 ಚದರ ಸೆಂಟಿಮೀಟರ್‌ಗಿಂತ ಹೆಚ್ಚು ಸ್ನಾಯುವೇ ಹೋಗಿದ್ದರೆ ಐದು. ಕೊನೆಯ ಎರಡರಲ್ಲಿ ಅಂಚು ಕೂಡದಿರಬಹುದು. ಕೊಳಕಿಲ್ಲದಿದ್ದರೆ ಮೆಶ್ (ಬಲೆಯಂಥ ತೇಪೆ) ಹಾಕಬಹುದು, ಕೊಳಕಿದ್ದರೆ ಸಿಂಥೆಟಿಕ್ ಮೆಶ್ ಬೇಡ. ಪಕ್ಕೆಲುಬಿನಿಂದಲೇ ಕಿತ್ತು ಬಂದಿದ್ದರೆ ಒಂದೆರಡು ಪಕ್ಕೆಲುಬು ಮೇಲಕ್ಕೆ ಹೊಲಿದರೆ ಎಳೆತ ಕಡಿಮೆಯಾಗಿ ಕೂಡುತ್ತದೆ.

ಹಳೆಯ ಸೀಳಿನ ಲೆಕ್ಕ ಬೇರೆ. ತಿಂಗಳುಗಟ್ಟಲೆ ಎದೆಯಲ್ಲಿ ಕೂತ ಕರುಳು ಶ್ವಾಸಕೋಶಕ್ಕೆ ಅಂಟಿರುತ್ತದೆ. ಕೆಳಗಿನಿಂದ ಎಳೆದರೆ ಹರಿಯುತ್ತದೆ. ಆಗ ಎದೆಯಿಂದಲೋ, ಎರಡೂ ಕಡೆಯಿಂದಲೋ ಹೋಗಬೇಕಾಗುತ್ತದೆ. ಆದರೆ ಕಟ್ಟಿಕೊಂಡು ಕೊಳೆತ ಅನುಮಾನ ಇದ್ದರೆ ಹೊಟ್ಟೆಯಿಂದಲೇ ಶುರುಮಾಡಿ, ಕರುಳು ಕತ್ತರಿಸಿ ಜೋಡಿಸುವುದು ಅಲ್ಲೇ ಸುಲಭ. ಕಾರಟಗಿಯವನಿಗೆ ಹೊಟ್ಟೆಯಿಂದ ಹೋದೆವು. ಮೂರು ಬೆರಳು ಹಿಡಿಯುವ ತೂತು, ಅಂಚು ಬಳೆಯಂತೆ ಗಟ್ಟಿ. ಜಠರ ಕ್ಯಾತೆಟರ್ ಹಾಕಿದ ಮೇಲೆ ಇಳಿಯಿತು. ದೊಡ್ಡ ಕರುಳಿನ ತಿರುವು ಕಪ್ಪಾಗಿತ್ತು. ಬಿಸಿ ಮಾಪ್ (ಆಪರೇಷನ್ನಿನ ದಪ್ಪ ಬಟ್ಟೆ) ಸುತ್ತಿ ಹತ್ತು ನಿಮಿಷ ಗಡಿಯಾರ ನೋಡುತ್ತ ನಿಂತೆವು. ನಿಧಾನಕ್ಕೆ ಕೆಂಪೇರಿತು, ಅಂಚಿನಲ್ಲಿ ಸಣ್ಣಗೆ ಮಿಡಿಯಿತು. ಕತ್ತರಿಸಬೇಕಾಗಲಿಲ್ಲ. ಇನ್ನು ಆರು ತಾಸು ತಡವಾಗಿದ್ದರೆ ಎಂದು ಅರಿವಳಿಕೆಯವರು ಅಂದದ್ದಕ್ಕೆ ನಾನು ಏನೂ ಹೇಳಲಿಲ್ಲ, ಗಂಟು ಹಾಕುತ್ತಿದ್ದೆ.

ಮನೆಗೆ ಕಳಿಸಿದ ಮೇಲೆ

ಐಸಿಡಿ ತೆಗೆದ ಮೇಲೆ ಒಂದು ಎಕ್ಸ್‌ರೇ, ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಮೂರು ತಿಂಗಳು ಮೂಟೆ ಹೊರಬೇಡ ಎಂದು ನಾನು ಹೇಳುತ್ತೇನೆ. ನಾಟಿ ಕಾಲಕ್ಕೆ ಬಂದರೆ ಎಷ್ಟು ಜನ ಪಾಲಿಸುತ್ತಾರೋ ಗೊತ್ತಿದೆ, ಆದರೂ ಹೇಳುತ್ತೇನೆ.

ಹೊಲಿದ ಬದಿಯ ಗುಮ್ಮಟ ಫಿಲ್ಮ್‌ನಲ್ಲಿ ಮೊದಲಿನಷ್ಟು ದುಂಡಗೆ ಕಾಣುವುದಿಲ್ಲ. ಸ್ವಲ್ಪ ಮೇಲೆ, ಸ್ವಲ್ಪ ಚಪ್ಪಟೆ, ಹೊರಮೂಲೆ ಮೊಂಡು. ಇದನ್ನು ನೋಡಿ ಮತ್ತೆ ಹರಿದಿದೆ ಎಂದು ಹೆದರಿಸಿ ಕಳಿಸಿದವರೂ ಇದ್ದಾರೆ, ನಿಜವಾಗಿ ಮತ್ತೆ ಹರಿದದ್ದನ್ನು ಹಳೆಯ ಹೊಲಿಗೆ ಎಂದು ಬಿಟ್ಟವರೂ ಇದ್ದಾರೆ. ಎರಡಕ್ಕೂ ಮದ್ದು ಹಳೆಯ ಫಿಲ್ಮ್. ಡಿಸ್ಚಾರ್ಜ್ ದಿನದ ಎಕ್ಸ್‌ರೇಯನ್ನು ಆಸ್ಪತ್ರೆಯ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ, ರೋಗಿಯ ಕೈಗೆ ಕೊಡಿ, ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇಡಲು ಹೇಳಿ. ಕಾರಟಗಿಯವನ ಹೆಂಡತಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಡಚದೆ, ಆರು ತಿಂಗಳಾದ ಮೇಲೆ ಹಾಗೇ ತಂದಿದ್ದಳು. ಎರಡನ್ನೂ ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಹಿಡಿದೆ. ಗೆರೆ ಒಂದೇ ಜಾಗದಲ್ಲಿತ್ತು.